ಕಿಡಿಗೆ ಎಷ್ಟು ವೋಲ್ಟು

ನಾನು ಕೆಲಸ ಮಾಡಿದ ಷೆಡ್ಡು ನಂಜನಗೂಡಿನ ಕೈಗಾರಿಕಾ ಪ್ರದೇಶದ ಹಿಂದಿನ ಸಾಲಿನಲ್ಲಿತ್ತು. ಈಗ ಅಲ್ಲಿ ಯಾರೋ ಪ್ಲಾಸ್ಟಿಕ್ ಕ್ರೇಟುಗಳನ್ನು ಪೇರಿಸಿಟ್ಟಿದ್ದಾರೆ. ಅಲ್ಲಿ ನಿಮ್ಮ ಕೆಲಸ ಏನಿತ್ತು ಎಂದು ಯಾರಾದರೂ ಕೇಳಿದರೆ, ಮಾದರಿ ವಿಮಾನದ ಪೆಟ್ರೋಲ್ ಎಂಜಿನ್ನಿಗೆ ಎಷ್ಟು ವೋಲ್ಟಿನ ಬ್ಯಾಟರಿ ಕೊಡಬೇಕೆಂದು ಗೊತ್ತುಮಾಡುತ್ತಿದ್ದೆ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ. ಅಂಥ ವಿಮಾನವನ್ನು ಹತ್ತಿರದಿಂದ ನೋಡಿದವರು ನಮ್ಮ ಕಡೆ ಕಡಿಮೆ. ಅದರ ರೆಕ್ಕೆ ಇಬ್ಬರು ದೊಡ್ಡವರು ಕೈಚಾಚಿ ನಿಂತಷ್ಟು ಅಗಲ. ಮೂತಿಗೆ ಮರ ಕೊಯ್ಯುವ ಯಂತ್ರದಲ್ಲಿರುವಂಥ ಎಂಜಿನ್ನು, ಅದಕ್ಕೆ ಮರದ ಪ್ರೊಪೆಲ್ಲರು. ನೆಲದಲ್ಲಿ ನಿಂತವರು ಕೈಯಲ್ಲಿ ರೇಡಿಯೋ ಪೆಟ್ಟಿಗೆ ಹಿಡಿದು ಅದನ್ನು ಆಡಿಸುತ್ತಾರೆ. ಪ್ರೊಪೆಲ್ಲರಿಗೆ ಬೆರಳು ಸಿಕ್ಕರೆ ಬೆರಳು ಹೋಗುತ್ತದೆ. ವಿಮಾನವೇ ಜನರ ಮೇಲೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಈಗ ಇಂಥ ಸಣ್ಣ ಯಂತ್ರಗಳ ಕೆಲಸಕ್ಕೆ ಹುಡುಗ ಹುಡುಗಿಯರು ತುಂಬ ಸೇರುತ್ತಿದ್ದಾರೆ. ಅವರಿಗೆ ಉಪಯೋಗಕ್ಕೆ ಬರಬಹುದಾದ ಒಂದಿಷ್ಟನ್ನು ಬರೆದಿಡುತ್ತೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ಯಾರಿಗೂ ಲಾಭವಿಲ್ಲ, ಅದನ್ನು ಬಿಟ್ಟಿದ್ದೇನೆ.

ತೊಂಬತ್ತರ ದಶಕದ ಶುರುವಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಿಳಿಗೆರೆಯ ನಮ್ಮ ಮನೆಯಲ್ಲಿ ಕೂತಿದ್ದೆ. ನಂಜನಗೂಡಿನಲ್ಲಿ ಮೊಪೆಡ್ಡಿನ ಇಗ್ನಿಷನ್ ಡಬ್ಬಿ ತಯಾರಿಸುವ ಷೆಡ್ಡಿದೆ, ಪರೀಕ್ಷೆ ಮಾಡುವವರು ಬೇಕಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಹೋದೆ. ಇಗ್ನಿಷನ್ ಡಬ್ಬಿ ಎಂದರೆ ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ. ಸಣ್ಣ ವೋಲ್ಟೇಜನ್ನು ಒಳಗೆ ತೆಗೆದುಕೊಂಡು ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ, ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನಲ್ಲಿ ಸರಿಯಾದ ಗಳಿಗೆಗೆ ಕಿಡಿ ಹಾರಿಸುವುದು ಅದರ ಕೆಲಸ.

ಯಜಮಾನರು ಗುರುಮಲ್ಲಪ್ಪ, ತಿ. ನರಸೀಪುರದವರು. ಅವರ ಮನೆತನದ್ದು ಅಕ್ಕಿ ಬೆಲ್ಲದ ಮಂಡಿ. ಅಣ್ಣ ಮಂಡಿ ನೋಡಿಕೊಂಡರು, ತಮ್ಮ ಇಲ್ಲಿ ಬಂದು ಸೋಲ್ಡರ್ ಹೊಗೆ ಕುಡಿದರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದ ಹಣೆ ಮಧ್ಯಾಹ್ನದ ಹೊತ್ತಿಗೆ ಕಪ್ಪಗಾಗಿರುತ್ತಿತ್ತು. ನನ್ನ ಸರ್ಟಿಫಿಕೇಟನ್ನು ಅವರು ಬಿಚ್ಚಿಯೂ ನೋಡಲಿಲ್ಲ.

"ಷಾಕ್ ಹೊಡೀತದೆ ಕಣಮ್ಮ. ಹೆದ್ರಲ್ವಾ?"

"ಹೊಡೆದ ಮೇಲೆ ಹೇಳ್ತೀನಿ ಸರ್" ಎಂದೆ.

"ನಾಳೆಯಿಂದ ಬಾ" ಎಂದರು. ಷಾಕು ಮೊದಲ ವಾರವೇ ಹೊಡೆಯಿತು. ಹೆದರಿಕೆ ಆಯಿತು ಎಂದು ಹೋಗಿ ಹೇಳಿದೆ. "ಒಳ್ಳೇದಾಯ್ತು, ಇನ್ಮೇಲೆ ಒಂದು ಕೈ ಹಿಂದಕ್ಕಿಟ್ಕೊಂಡು ಕೆಲ್ಸ ಮಾಡು" ಎಂದರು. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಇದನ್ನು ಇಂದಿಗೂ ಯಾರಿಗಾದರೂ ಹೇಳಿಕೊಡಬಹುದು.

ಆ ಷೆಡ್ಡಿನಲ್ಲಿ ನಾನು ಕಲಿತ ಮೊದಲ ಪಾಠ ಮೊಪೆಡ್ಡಿನದೇ. ಒಂದು ಸಲ ಡೀಲರೊಬ್ಬರು ಡಬ್ಬಿಗಳನ್ನು ಮೂಟೆ ಕಟ್ಟಿ ವಾಪಸು ಕಳಿಸಿದರು. ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂಬ ದೂರು. ಬೆಂಚಿನ ಮೇಲೆ ಇಟ್ಟು ನೋಡಿದರೆ ಪ್ರತಿಯೊಂದರಲ್ಲೂ ನೀಲಿ ಕಿಡಿ ಟಕಟಕ ಹಾರುತ್ತಿತ್ತು. ಡೀಲರ್ ಸುಳ್ಳು ಹೇಳುತ್ತಿದ್ದಾನೆ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು. ಗುರುಮಲ್ಲಪ್ಪನವರಿಗೆ ಸಮಾಧಾನವಾಗಲಿಲ್ಲ. ಗಾಜಿನ ಕಿಂಡಿಯಿರುವ ಒಂದು ಕಬ್ಬಿಣದ ಗುಡಾಣ ಮಾಡಿಸಿದರು. ಪ್ಲಗ್ಗನ್ನು ಅದರೊಳಗೆ ತಿರುಗಿಸಿ, ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ, ಆಮೇಲೆ ಕಿಡಿ ನೋಡಿದರು. ಗಾಳಿ ಒತ್ತಡ ಏರುತ್ತಿದ್ದಂತೆ ಕಿಡಿ ತಡವರಿಸಿ ನಿಂತುಹೋಯಿತು. ಎಂಜಿನ್ನಿನೊಳಗೆ ಇರುವುದು ಒತ್ತಿದ ಗಾಳಿ, ಬೆಂಚಿನ ಮೇಲೆ ಇರುವುದು ಬಯಲು ಗಾಳಿ. ಬಯಲಲ್ಲಿ ಹಾರಿದ ಕಿಡಿ ಒಳಗೂ ಹಾರುತ್ತದೆ ಎಂದುಕೊಂಡಿದ್ದು ನಮ್ಮ ತಪ್ಪು. ಅಂದಿನಿಂದ ಆ ಸೈಕಲ್ ಪಂಪು ನನ್ನ ಮೇಜಿನ ಕೆಳಗೇ ಇರುತ್ತಿತ್ತು.

ದಶಕದ ಕೊನೆಯ ಹೊತ್ತಿಗೆ ಮೊಪೆಡ್ಡಿನ ಕೆಲಸ ಇಳಿಯಿತು. ಆಗ ಬೆಂಗಳೂರಿನ ವ್ಯಾಪಾರಿ ಸತೀಶ್ ಎನ್ನುವವರು ಬಂದರು. ಅವರು ಮಾದರಿ ವಿಮಾನ ಹಾರಿಸುವ ಹವ್ಯಾಸಿಗಳಿಗೆ ಸಾಮಾನು ಒದಗಿಸುತ್ತಿದ್ದರು. ಪೆಟ್ರೋಲ್ ಎಂಜಿನ್ನುಗಳ ಜೊತೆ ಬರುವ, ಬ್ಯಾಟರಿಯಿಲ್ಲದೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಎಂಬ ಭಾಗದ ತೂಕ ಹೆಚ್ಚು. ಅದನ್ನು ತೆಗೆದುಹಾಕಿ, ಚಿಕ್ಕ ಬ್ಯಾಟರಿಯಲ್ಲಿ ನಡೆಯುವ ಹಗುರ ಡಬ್ಬಿ ಮಾಡಿಕೊಡಿ ಎಂಬುದು ಅವರ ಬೇಡಿಕೆ. ಯಜಮಾನರು ಒಪ್ಪಿಕೊಂಡರು. ಮಾಡಿದ ಡಬ್ಬಿಯನ್ನು ಹಾರಿಸಿ ನೋಡುವವರು ಬೇಕಲ್ಲ, ಹಾಗೆ ಬಂದವರು ಸಿದ್ದರಾಜು.

ಸಿದ್ದರಾಜು ಹೆಮ್ಮಿಗೆಯವರು. ಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದು, ಅಲ್ಲಿಯೇ ಮಾದರಿ ವಿಮಾನ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿತು, ನಿವೃತ್ತರಾಗಿ ಊರಿಗೆ ಬಂದಿದ್ದರು. ಊರಲ್ಲಿ ಅವರಿಗೆ ಸ್ವಲ್ಪ ಗದ್ದೆ ಇತ್ತು, ಮನೆಯ ಗೋಡೆಯಲ್ಲಿ ಬುದ್ಧನ ಪಟದ ಪಕ್ಕದಲ್ಲೇ ಎಂಜಿನ್ ಇಲ್ಲದ ಒಂದು ಬಿಳಿ ಗ್ಲೈಡರ್ ತೂಗಾಡುತ್ತಿತ್ತು. ನನಗಿಂತ ಬಹಳ ದೊಡ್ಡವರು. ನನ್ನನ್ನು ಪ್ರಮೀಳವ್ವ ಎಂದು ಕರೆಯುತ್ತಿದ್ದರು. ಮಾತು ಕಡಿಮೆ. ಎಂಜಿನ್ ಓಡುವಾಗ ಅವರೊಡನೆ ಯಾರೂ ಮಾತಾಡುವಂತಿರಲಿಲ್ಲ, ಯಜಮಾನರೂ ಕೂಡ.

ಮೊದಮೊದಲು ನಾವು ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲುಗಳನ್ನೇ ಉಪಯೋಗಿಸಿದೆವು. ನಾಲ್ಕು ಸೆಲ್ಲು, ಆರು ವೋಲ್ಟು, ಎಲ್ಲಿ ಬೇಕಾದರೂ ಸಿಗುತ್ತದೆ ಎಂಬ ಲೆಕ್ಕ. ಕೊಯ್ಲಾದ ಹೆಮ್ಮಿಗೆಯ ಗದ್ದೆ ಬಯಲಿನಲ್ಲಿ ವಿಮಾನ ಚೆನ್ನಾಗಿಯೇ ಮೇಲೆದ್ದಿತು. ಎರಡು ಸುತ್ತು ಹೊಡೆಯುವಷ್ಟರಲ್ಲಿ ಕೆಮ್ಮಲು ಶುರು ಮಾಡಿ, ಸದ್ದು ನಿಂತು, ಪಕ್ಕದ ಕಬ್ಬಿನ ಗದ್ದೆಯೊಳಕ್ಕೆ ಇಳಿಯಿತು. ಆ ಗದ್ದೆ ಚಿಕ್ಕತಾಯಮ್ಮ ಎನ್ನುವವರದು. ನಾವು ಓಡಿ ಹೋಗುವಷ್ಟರಲ್ಲಿ ಅವರು ಕುಡುಗೋಲು ಹಿಡಿದುಕೊಂಡೇ ವಿಮಾನದ ಮುಂದೆ ನಿಂತಿದ್ದರು.

"ಸಿದ್ರಾಜ, ಏನ್ಲಾ ಇದು? ಆಕಾಸ್ದಿಂದ ಅದ್ದು ಬಿದ್ದಂಗೆ ಬಿತ್ತಲ್ಲೋ! ನಾನು ಒಸಿ ಆ ಕಡೀಗ್ ಬಗ್ಗಿದ್ದಿದ್ರೆ ನನ್ ತಲೆ ಎತ್ತಗ್ ಓಗ್ತಿತ್ತು?"

"ತಪ್ಪಾಯ್ತು ಕಣಕ್ಕ. ಬ್ಯಾಟ್ರಿ ಕೈ ಕೊಡ್ತು."

"ಬ್ಯಾಟ್ರಿಗೆ ಬಯ್ಯಬೇಡ. ನೀನು ನೋಡ್ಕೊಂಡು ಆರ್ಸ್ಬೇಕು ತಾನೆ?"

ಸಿದ್ದರಾಜು ತಲೆಯಾಡಿಸಿದರು. ಬಾಗಿದ ಕಬ್ಬನ್ನು ಅವರೇ ಕಟ್ಟಿ ನಿಲ್ಲಿಸಿ ಬಂದರು. ಷೆಡ್ಡಿಗೆ ತಂದು ನೋಡಿದರೆ ಸೆಲ್ಲುಗಳಲ್ಲಿ ಶಕ್ತಿ ಇನ್ನೂ ಇತ್ತು. ಅವನ್ನು ಹಿಡಿದಿಟ್ಟಿದ್ದ ಸ್ಪ್ರಿಂಗುಗಳು ಎಂಜಿನ್ನಿನ ನಡುಕಕ್ಕೆ ಬಿಟ್ಟು ಬಿಟ್ಟು ತಾಗುತ್ತಿದ್ದವು. ಆಮೇಲೆ ನಾವು ಸ್ಪ್ರಿಂಗಿನ ಹೋಲ್ಡರ್ ಮುಟ್ಟಲಿಲ್ಲ. ಚಾರ್ಜ್ ಮಾಡಬಹುದಾದ ನಿಕಲ್ ಸೆಲ್ಲುಗಳನ್ನು ಪಟ್ಟಿಯಿಂದ ಬೆಸೆದು, ಸುತ್ತ ಸ್ಪಂಜು ಸುತ್ತಿ ಕೂರಿಸಿದೆವು. ಇಂಥ ಸೆಲ್ಲಿಗೆ ಹೆಸರಿಗೆ ಒಂದೂಕಾಲು ವೋಲ್ಟಿಗೂ ಸ್ವಲ್ಪ ಕಡಿಮೆ. ನಾಲ್ಕು ಸೇರಿದರೆ ನಾಲ್ಕು ಪಾಯಿಂಟ್ ಎಂಟು. ಹಗುರವಾಗಿತ್ತು, ಡಬ್ಬಿಯೂ ಬೆಚ್ಚಗಾಗುತ್ತಿರಲಿಲ್ಲ. ಅದನ್ನೇ ಗೊತ್ತುಮಾಡಿ ಡಬ್ಬಿಗಳ ಮೇಲೆ ಮುದ್ರಿಸಿದೆವು. ಮೊದಲ ದೊಡ್ಡ ಆರ್ಡರು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಬಾಗಿಲ ಬಳಿ ಸಾಲಾಗಿ ನಿಂತಿತು. ಲಾರಿ ಬರುವುದಷ್ಟೇ ಬಾಕಿ.

ಆ ಬೆಳಿಗ್ಗೆ ಸಿದ್ದರಾಜು ಅಂಗಳದಲ್ಲಿ ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದರು. ಸ್ಟಾರ್ಟರ್ ಗೀರ್ಟರ್ ಇಲ್ಲ, ಪ್ರೊಪೆಲ್ಲರನ್ನು ಬೆರಳಿನಿಂದ ಎಳೆದು ತಿರುವಬೇಕು. ನಾನು ಒಳಗಿದ್ದೆ. ಎಂಜಿನ್ನು ನಾಯಿ ಒಂದೇ ಸಲ ಬೊಗಳಿದ ಹಾಗೆ ಸದ್ದು ಮಾಡಿ ಸುಮ್ಮನಾಯಿತು. ಎರಡನೆಯ ಸದ್ದು ಬರಲಿಲ್ಲ, ಬಯ್ಗುಳವೂ ಬರಲಿಲ್ಲ. ಹೊರಗೆ ಬಂದೆ. ಸಿದ್ದರಾಜು ನೆಲದ ಮೇಲೆ ಕೂತು ಬಲಗೈಯನ್ನು ಟವೆಲಿನಲ್ಲಿ ಒತ್ತಿ ಹಿಡಿದಿದ್ದರು. ಟವೆಲು ಕೆಂಪಾಗುತ್ತಿತ್ತು.

"ಪ್ರಮೀಳವ್ವ, ಮೊದ್ಲು ಸ್ವಿಚ್ಚು ಆಫ್ ಮಾಡು" ಎಂದರು.

ಸ್ವಿಚ್ಚು ಆರಿಸಿ, ಆಟೋ ಕರೆದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಬೆರಳು ಮುರಿದಿದ್ದವು. ನಡುಬೆರಳಿನ ತುದಿ ಉಳಿಯಲಿಲ್ಲ. ಗುರುಮಲ್ಲಪ್ಪ ಓಡಿ ಬಂದರು. ಡಾಕ್ಟರ ಹತ್ತಿರ ಮಾತಾಡಿ, ಔಷಧಿ ತಂದುಕೊಟ್ಟು, ವರಾಂಡದಲ್ಲಿ ನನ್ನ ಪಕ್ಕ ಕೂತರು. "ಗ್ಲೌಸ್ ಹಾಕ್ಕೋಬೇಕಿತ್ತು ಅವನು" ಎಂದರು. ಹೆದರಿಕೆಯಲ್ಲಿ ಆಡಿದ ಮಾತು ಅದು.

ಷೆಡ್ಡಿಗೆ ಮರಳಿ ಆ ಬ್ಯಾಟರಿಗೆ ಮೀಟರ್ ಹಿಡಿದೆ. ನಾಲ್ಕು ಪಾಯಿಂಟ್ ಎಂಟು ತೋರಿಸಿತು. ಏನೂ ದೋಷವಿಲ್ಲ. ಆದರೆ ಡಬ್ಬಿಗೆ ಜೋಡಿಸಿ, ಕಿಡಿ ಹಾರುತ್ತಿರುವಾಗಲೇ ಮತ್ತೆ ಮೀಟರ್ ಹಿಡಿದರೆ ಮುಳ್ಳು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಒಂದು ಸೆಲ್ಲು ಒಳಗೇ ಸತ್ತಿತ್ತು. ಸುಮ್ಮನಿದ್ದಾಗ ಬದುಕಿರುವಂತೆ ತೋರಿಸಿಕೊಂಡು ಕೆಲಸ ಬಿದ್ದಾಗ ಮಲಗಿಬಿಡುತ್ತಿತ್ತು. ಅಷ್ಟಾದರೆ ಎಂಜಿನ್ ಸ್ಟಾರ್ಟ್ ಆಗಬಾರದು, ಅದು ಬಿಟ್ಟು ಪ್ರೊಪೆಲ್ಲರ್ ಹಿಂದಕ್ಕೆ ಒದ್ದದ್ದು ಯಾಕೆ ಎಂದು ತಿಳಿಯಲಿಲ್ಲ. ಕಿಡಿ ಹಾರುವ ಗಳಿಗೆಯನ್ನು ಒಂದು ಗುರುತಿನ ಮೇಲೆ ತೋರಿಸುವ ಮಿನುಗು ದೀಪ ಹಾಕಿ, ವೋಲ್ಟೇಜನ್ನು ಮೆಲ್ಲಗೆ ಇಳಿಸುತ್ತ ಬಂದೆ. ಕೈಯಲ್ಲಿ ತಿರುವುವಾಗ ಕಿಡಿ ತಡವಾಗಿ ಹಾರಲಿ ಎಂದೇ ಡಬ್ಬಿಯೊಳಗೆ ಒಂದು ಏರ್ಪಾಡು ಮಾಡಿದ್ದೆವು. ಬೇಗ ಹಾರಿದರೆ ಪ್ರೊಪೆಲ್ಲರ್ ಹಿಂದಕ್ಕೆ ಒದೆಯುತ್ತದೆ. ವೋಲ್ಟೇಜು ನಾಲ್ಕಕ್ಕಿಂತ ಕೆಳಗೆ ಹೋದ ಕೂಡಲೇ ಆ ಏರ್ಪಾಡು ದಾರಿ ತಪ್ಪಿ, ಗುರುತು ಒಂದೇ ಸಲಕ್ಕೆ ಮುಂದಕ್ಕೆ ಜಿಗಿಯಿತು. ಕಿಡಿ ಇತ್ತು. ಹಾರಬಾರದ ಗಳಿಗೆಯಲ್ಲಿ ಹಾರುತ್ತಿತ್ತು.

ಯಜಮಾನರನ್ನು ಕರೆದು ತೋರಿಸಿದೆ. ಅವರು ನನ್ನ ಕೈಯಿಂದ ವೋಲ್ಟೇಜಿನ ಗುಂಡಿ ತೆಗೆದುಕೊಂಡು ತಾವೇ ಹಲವು ಸಲ ಇಳಿಸಿ ಏರಿಸಿ ನೋಡಿದರು. ಬಾಗಿಲ ಬಳಿಯ ಪೆಟ್ಟಿಗೆಗಳ ಕಡೆಗೂ ನೋಡಿದರು.

"ಒಂದು ಚೀಟಿ ಅಂಟಿಸಿ ಕಳಿಸ್ಬುಡಾಣ. ಬ್ಯಾಟ್ರಿ ಫುಲ್ ಚಾರ್ಜ್ ಮಾಡಿ ಅಂತ."

"ಸಿದ್ದರಾಜಣ್ಣನಿಗೆ ಅದು ಗೊತ್ತಿರಲಿಲ್ವಾ ಸರ್?"

ಅವರು ಲಾರಿಯವನಿಗೆ ಫೋನು ಮಾಡಿ ಬರುವುದು ಬೇಡ ಎಂದರು. ಪೆಟ್ಟಿಗೆಗಳು ಅಲ್ಲೇ ಉಳಿದವು. ಅವುಗಳನ್ನು ಸುತ್ತಿಕೊಂಡು ಒಳಗೆ ಹೊರಗೆ ಓಡಾಡುವುದು ನಮಗೆಲ್ಲ ಅಭ್ಯಾಸವಾಯಿತು.

ಕೈಗೆ ಬ್ಯಾಂಡೇಜು ಸುತ್ತಿಕೊಂಡು ಸಿದ್ದರಾಜು ಬಂದ ದಿನ ಮೂವರೂ ಬೆಂಚಿನ ಸುತ್ತ ಕೂತೆವು. ಐದು ಸೆಲ್ಲು ಹಾಕಿ ಆರು ವೋಲ್ಟು ಮಾಡೋಣ, ಒಂದು ಸೆಲ್ಲು ಸತ್ತರೂ ನಾಲ್ಕಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ನಾನು ಹೇಳಿದೆ. ಸಿದ್ದರಾಜು ಒಪ್ಪಿದರು, ಆದರೆ ಅಷ್ಟು ಸಾಲದು ಎಂದರು.

"ಜನ ಬ್ಯಾಟ್ರಿ ನೋಡಲ್ಲ ಕಣವ್ವ. ನಾನೇ ನೋಡ್ನಿಲ್ಲ. ಡಬ್ಬೀನೇ ಒಲ್ಲೆ ಅನ್ಬೇಕು. ಕಮ್ಮಿ ಇದ್ರೆ ಕಿಡೀನೇ ಬುಡಬಾರ್ದು."

ಗುರುಮಲ್ಲಪ್ಪನವರಿಗೆ ಸಿಟ್ಟು ಬಂತು. "ಮೇಲೆ ಹಾರ್ತಿರುವಾಗ ಕಮ್ಮಿಯಾದ್ರೆ? ಅಲ್ಲೂ ಒಲ್ಲೆ ಅಂತದೆ. ಎಂಜಿನ್ ನಿಂತು ಜನದ ಮೇಲೆ ಬೀಳ್ತದೆ. ಆಗ ಯಾರ್ ಜವಾಬ್ದಾರಿ?"

"ಎಂಜಿನ್ ನಿಂತ್ರೆ ನಾನು ಇಳುಸ್ಕೋತೀನಿ ಸಾ. ಬೆಳ್ಳು ಮತ್ತೆ ಬೆಳೀತದಾ?"

"ನೀನ್ ಇಳಿಸ್ತೀಯ. ಹೊಸಬ ಇಳಿಸ್ತಾನಾ?"

ಇಬ್ಬರು ಹೇಳಿದ್ದೂ ಸರಿಯಾಗಿತ್ತು. ಕೈಯಲ್ಲಿ ತಿರುವುವವನಿಗೆ ಕ್ಷೇಮವಾದದ್ದು ಹಾರುವ ವಿಮಾನದ ಕೆಳಗೆ ನಿಂತವನಿಗೆ ಅಪಾಯ. ಇಬ್ಬರೂ ಎದ್ದು ಬೇರೆ ಬೇರೆ ಕಡೆ ಹೋದರು. ನಾನು ಅಲ್ಲೇ ಕೂತು, ಆ ಜಗಳವನ್ನು ಹಾಗೇ ಎರಡು ತುಂಡು ಮಾಡಿದೆ. ಸ್ವಿಚ್ಚು ಹಾಕಿದ ಕೂಡಲೇ ಡಬ್ಬಿ ಬ್ಯಾಟರಿಯ ಮೇಲೆ ಒಂದು ಕ್ಷಣ ಹೊರೆ ಹೊರಿಸಿ ನೋಡಲಿ. ಸಾಲದಿದ್ದರೆ ದೀಪವೂ ಹತ್ತದಿರಲಿ, ಕಿಡಿಯೂ ಬರದಿರಲಿ. ಒಮ್ಮೆ ಎಂಜಿನ್ನು ಓಡಲು ಶುರುವಾದ ಮೇಲೆ ಮಾತ್ರ ಎಷ್ಟೇ ಇಳಿದರೂ ತಾನಾಗಿ ನಿಲ್ಲಿಸದಿರಲಿ. ಓಡುವಾಗ ಕಿಡಿ ಹೇಗೂ ಬೇಗನೆಯೇ ಹಾರುತ್ತಿರುತ್ತದೆ, ಒದೆಯುವ ಪ್ರಶ್ನೆಯಿಲ್ಲ. ಬ್ಯಾಟರಿ ಸೋತರೆ ಎಂಜಿನ್ನು ಕೆಮ್ಮಿ ತಿಳಿಸುತ್ತದೆ, ಇಳಿಸಿಕೊಳ್ಳಲು ಸಮಯವಿರುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಸರ್ಕ್ಯೂಟು. ಆ ಮಳೆಗಾಲವೆಲ್ಲ ಪೆಟ್ಟಿಗೆಗಳನ್ನು ಬಿಚ್ಚಿ, ಪ್ರತಿ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಅದನ್ನು ಕೂರಿಸಿದೆವು. ಸತೀಶ್ ಫೋನಿನಲ್ಲಿ ರೇಗಾಡಿದರು, ಆದರೂ ಕಾದರು.

ಸಿದ್ದರಾಜು ಮತ್ತೆ ಎಂಜಿನ್ನಿನ ಮುಂದೆ ನಿಂತ ದಿನ ನನಗೆ ಅತ್ತ ನೋಡಲು ಆಗಲಿಲ್ಲ. ಕೋಲಿಗೆ ರಬ್ಬರ್ ಪೈಪು ಸುತ್ತಿ ಅದರಿಂದ ತಿರುವುತ್ತಿದ್ದರು. ಗುರುಮಲ್ಲಪ್ಪ ಪಕ್ಕದಲ್ಲಿ ಸುಮ್ಮನೆ ನಿಂತಿದ್ದನ್ನು ನೋಡಿ, "ಬಾಲ ಇಡ್ಕೊಳಿ ಸಾ, ಬುಟ್ಬುಡ್ಬೇಡಿ" ಎಂದರು. ಯಜಮಾನರು ಮಣ್ಣಿನಲ್ಲಿ ಮೊಣಕಾಲೂರಿ, ವಿಮಾನದ ಬಾಲವನ್ನು ಎರಡೂ ಕೈಯಿಂದ ಅಪ್ಪಿ, ಕಣ್ಣು ಮುಚ್ಚಿಕೊಂಡರು. ಎಂಜಿನ್ನು ಹಿಡಿಯಿತು. ಅವರ ಬಿಳಿ ಪಂಚೆಯ ತುಂಬ ಎಣ್ಣೆ ಹೊಗೆ. ಎಂಜಿನ್ ನಿಂತ ಮೇಲೆ ಸಿದ್ದರಾಜುವಿನ ಬಲಗೈಯನ್ನು ಹಿಡಿದು ನೋಡಿದರು. ಕ್ಷಮೆ ಗಿಮೆ ಕೇಳಲಿಲ್ಲ, ಅದು ಅವರ ಸ್ವಭಾವದಲ್ಲಿರಲಿಲ್ಲ.

ವೋಲ್ಟು ಕಡಿಮೆಯಾದರೆ ಏನೆಂದು ಹೀಗೆ ಕಲಿತೆವು. ಹೆಚ್ಚಾದರೆ ಏನೆಂದು ಕಲಿಸಿದವರು ಗ್ರಾಹಕರು. ಒಂದೆರಡು ವರ್ಷಕ್ಕೆ ಡಬ್ಬಿಗಳು ಕರಕಲು ವಾಸನೆ ಹೊತ್ತು ವಾಪಸು ಬರತೊಡಗಿದವು. ಎಲ್ಲರೂ ಹೇಳುವುದು ಒಂದೇ: ನೀವು ಹೇಳಿದ ಆರು ವೋಲ್ಟೇ ಹಾಕಿದ್ದೇವೆ. ಒಬ್ಬರಿಗೆ ಫೋನಿನಲ್ಲಿ, ಚಾರ್ಜರಿನಿಂದ ತೆಗೆದ ಕೂಡಲೇ ಮೀಟರ್ ಹಿಡಿದು ನೋಡಿ ಎಂದೆ. ಅವರು ನೋಡಿ, ಮೀಟರ್ ಕೆಟ್ಟಿದೆ ಮೇಡಂ, ಏಳರ ಮೇಲೆ ತೋರಿಸ್ತಿದೆ ಎಂದರು. ಮೀಟರ್ ಸರಿಯಾಗಿಯೇ ಇತ್ತು. ಆರು ಎನ್ನುವುದು ಸೆಲ್ಲಿನ ಹೆಸರು ಮಾತ್ರ. ಹೊಸದಾಗಿ ಚಾರ್ಜ್ ಆದಾಗ ಅದು ಏಳು ದಾಟುತ್ತದೆ, ದಣಿದಾಗ ಐದಕ್ಕೆ ಬರುತ್ತದೆ. ಬ್ಯಾಟರಿ ಆರಿಸುವಾಗ ಹೆಸರನ್ನು ನೋಡದೆ ಈ ಎರಡು ತುದಿಗಳನ್ನು ನೋಡಬೇಕು. ಮೇಲಿನ ತುದಿಗೆ ಡಬ್ಬಿ ಸುಡಬಾರದು, ಕೆಳಗಿನ ತುದಿಗೆ ಕಿಡಿ ತಪ್ಪಬಾರದು. ಮಧ್ಯೆ ಸಿಕ್ಕಿದ್ದೇ ಕ್ಷೇಮ.

ಅಲ್ಲಿಯ ತನಕ ನಾವು ಡಬ್ಬಿಗಳನ್ನು ಫ್ಯಾನಿನ ಕೆಳಗೆ ಪರೀಕ್ಷೆ ಮಾಡುತ್ತಿದ್ದೆವು. ಆಮೇಲೆ ಬೇಸಿಗೆಯ ಬಿಸಿಲಿನಲ್ಲಿ ಷೆಡ್ಡಿನ ತಗಡಿನ ಮಾಡಿನ ಮೇಲೆ, ಮುಚ್ಚಿದ ಬಿಸ್ಕತ್ ಡಬ್ಬದೊಳಗಿಟ್ಟು ಓಡಿಸಿದೆವು. ಎಂಜಿನ್ನಿನ ಹಿಂದಿನ ಗೂಡು ಹಾಗೆಯೇ ಕಾಯುತ್ತದೆ. ಬೆಂಚಿನ ಮೇಲೆ ಪಾಸಾದವುಗಳಲ್ಲಿ ಅನೇಕವು ಮಾಡಿನ ಮೇಲೆ ಫೇಲಾದವು. ಹಳೆಯ ಡಬ್ಬಿ ಇದ್ದವರಿಗೆ ಒಂದು ಉಪಾಯ ಹೇಳಿಕೊಟ್ಟೆ. ತಂತಿಯಲ್ಲಿ ಒಂದು ಡಯೋಡು ಬೆಸೆದರೆ ಮುಕ್ಕಾಲು ವೋಲ್ಟಿನ ಹತ್ತಿರ ಇಳಿಯುತ್ತದೆ, ಎರಡು ಬೆಸೆದರೆ ಅದರ ಎರಡರಷ್ಟು. ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡ ಸಾಮಾನು, ಬಹಳ ಡಬ್ಬಿಗಳನ್ನು ಉಳಿಸಿತು.

ಷೆಡ್ಡು ಹೇಗೆ ಮುಚ್ಚಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಮೋಟಾರುಗಳು ಬಂದವು. ಪೆಟ್ರೋಲು, ಎಣ್ಣೆ, ಕಿಡಿ ಇವುಗಳ ಗೊಡವೆಯೇ ಬೇಡವೆನ್ನುವವರು ಹೆಚ್ಚಾದರು. ಗುರುಮಲ್ಲಪ್ಪನವರಿಗೂ ವಯಸ್ಸಾಯಿತು. ನಾನು ಔಷಧಿ ಸಿಂಪಡಿಸುವ ಯಂತ್ರಗಳ ಕಾರ್ಖಾನೆಗೆ ಹೋಗಿ, ಅಲ್ಲೂ ಇಗ್ನಿಷನ್ ಡಬ್ಬಿಗಳನ್ನೇ ನೋಡಿಕೊಂಡಿದ್ದು ಈಚೆಗೆ ಕೆಲಸ ಬಿಟ್ಟೆ. ಬರೆಯಬೇಕೆನಿಸುವ ಇನ್ನೊಂದು ದಿನ ಇದೆ. ಅದು ಷೆಡ್ಡು ಮುಚ್ಚುವುದಕ್ಕೆ ಕೆಲವು ವರ್ಷ ಮೊದಲಿನದು.

ಆಗ ಲಿಥಿಯಂ ಬ್ಯಾಟರಿಗಳು ಹೊಸದಾಗಿ ಬಂದಿದ್ದವು. ಹಗುರ, ಶಕ್ತಿ ಜಾಸ್ತಿ. ಎರಡು ಸೆಲ್ಲಿನದು ಪೂರ್ತಿ ಚಾರ್ಜಾದಾಗ ಎಂಟು ಪಾಯಿಂಟ್ ನಾಲ್ಕು ವೋಲ್ಟು. ನೇರವಾಗಿ ಇದನ್ನು ತಡೆಯುವ ಡಬ್ಬಿ ಕೊಡಿ, ಬೇರೆಯವರು ಆಗಲೇ ಕೊಡುತ್ತಿದ್ದಾರೆ ಎಂದು ಸತೀಶ್ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಳಗಿನ ಸಾಮಾನು ಬದಲಾಯಿಸಿ ಹೊಸ ಡಬ್ಬಿ ಮಾಡಿದೆವು. ಗುಡಾಣದಲ್ಲಿ ಪಾಸಾಯಿತು, ಮಾಡಿನ ಮೇಲೂ ಪಾಸಾಯಿತು. ನಾನೇ ಸಹಿ ಹಾಕಿದೆ.

ಹೊಸ ಡಬ್ಬಿಯ ಹಾರಾಟವನ್ನು ತಮ್ಮ ಊರಿನಲ್ಲಿ ಮಾಡಿ ತೋರಿಸಬೇಕೆಂದು ಗುರುಮಲ್ಲಪ್ಪನವರ ಆಸೆ. ಮಂಡಿ ಬಿಟ್ಟು ಹೋಗಿ ಆಟದ ಸಾಮಾನು ಮಾಡುತ್ತಾನೆ ಎಂದು ಅಣ್ಣ ಎಷ್ಟೋ ವರ್ಷದಿಂದ ಹಂಗಿಸುತ್ತಿದ್ದರು. ತಿ. ನರಸೀಪುರದಲ್ಲಿ, ಎರಡು ನದಿ ಕೂಡುವ ಕಡೆಯ ಬೇಸಿಗೆಯ ಮರಳಿನಲ್ಲಿ ಶಾಮಿಯಾನ ಹಾಕಿಸಿ, ಕುರ್ಚಿ ಹಾಕಿಸಿ, ಮೈಕು ತರಿಸಿದರು. ವರ್ತಕರು, ನೆಂಟರು, ತಾಲ್ಲೂಕು ಕಚೇರಿಯವರು, ಮೇಷ್ಟರುಗಳು ಎಲ್ಲ ಬಂದರು. ಮುಂದಿನ ಸಾಲಿನಲ್ಲಿ ಅಣ್ಣ ಕೂತಿದ್ದರು. ಸತೀಶ್ ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ಈ ಹಾರಾಟ ಚೆನ್ನಾಗಿ ಆದರೆ ಅಲ್ಲೇ ದೊಡ್ಡ ಆರ್ಡರು ಕೊಡುವುದಾಗಿ ಹೇಳಿದ್ದರು.

ಎಂಜಿನ್ನು ಮೊದಲ ತಿರುವಿಗೇ ಹಿಡಿಯಿತು. ಸಿದ್ದರಾಜು ರೇಡಿಯೋ ಪೆಟ್ಟಿಗೆ ತೆಗೆದುಕೊಂಡು, ಬಾಲ ಹಿಡಿಸಿ, ಪೂರ್ತಿ ವೇಗಕ್ಕೆ ಏರಿಸಿದರು. ಹಿಂದಿನ ಚುಕ್ಕಾಣಿ ಹಲಗೆ ತಾನಾಗಿ ನಡುಗಿತು. ವೇಗ ಇಳಿಸಿದರೆ ನಿಂತಿತು. ಏರಿಸಿದರೆ ಮತ್ತೆ ನಡುಗಿತು. ಅವರು ಎಂಜಿನ್ ನಿಲ್ಲಿಸಿದರು. ಹೆಚ್ಚಿನ ವೋಲ್ಟಿಗೆ ಕಿಡಿಯ ಜೋರೂ ಹೆಚ್ಚಿ, ಅದರ ಗದ್ದಲ ವಿಮಾನದೊಳಗೆ ನಮ್ಮ ಸಂಕೇತ ಹಿಡಿಯುವ ರೇಡಿಯೋ ರಿಸೀವರಿನೊಳಕ್ಕೆ ನುಗ್ಗುತ್ತಿರಬೇಕು ಎಂದರು. ರಿಸೀವರನ್ನು ಹಿಂದಕ್ಕೆ ಸರಿಸಿದರು, ತಂತಿಗಳನ್ನು ಬೇರೆ ಮಾಡಿ ಕಟ್ಟಿದರು, ಪ್ಲಗ್ಗಿನ ಟೋಪಿ ಬಿಗಿ ಮಾಡಿದರು. ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಹಳೆಯ ಆರು ವೋಲ್ಟಿನ ಪ್ಯಾಕು ನಂಜನಗೂಡಿನಲ್ಲಿತ್ತು. ತರುವಷ್ಟರಲ್ಲಿ ನದಿಯ ಮೇಲಿನ ಗಾಳಿ ಎದ್ದುಬಿಡುತ್ತಿತ್ತು.

ಸತೀಶ್ ಹತ್ತಿರ ಬಂದರು. "ಒಂದೇ ರೌಂಡ್ ಸಾಕು ಸಿದ್ದರಾಜು ಅವರೇ. ಇಷ್ಟು ನಡುಗೋದು ಎಲ್ಲ ಕಡೆ ಇರುತ್ತೆ. ಮೇಲೆ ಹೋದ್ಮೇಲೆ ನಿಲ್ಲುತ್ತೆ, ನಾನೇ ಎಷ್ಟೋ ಸಲ ನೋಡಿದ್ದೀನಿ."

"ನಿಲ್ಬೋದು ಸಾ."

"ಮತ್ತೆ ಏನು?"

"ರೇಡಿಯೋ ಪಕ್ಕದಲ್ಲಿ ಇದ್ದಾಗ್ಲೇ ಇಂಗಾಡ್ತದೆ. ದೂರ ಓದ್ಮೇಲೆ ನಾನೇಳಿದ್ದು ಕೇಳ್ದೆ ಓದ್ರೆ? ಎದುರ್ಗಡೆ ಒಸಿ ನೋಡಿ, ಎಷ್ಟ್ ಜನ ಕುಂತವ್ರೆ."

ಗುರುಮಲ್ಲಪ್ಪ ನನ್ನ ಕಡೆ ತಿರುಗಿದರು. "ಪ್ರಮೀಳಾ, ನೀನೇನಂತೀಯ?"

"ಡಬ್ಬಿಗೆ ಏನೂ ಆಗಲ್ಲ ಸರ್. ಅದನ್ನ ಹೇಳ್ತೀನಿ. ರೇಡಿಯೋ ವಿಷಯ ನನಗೆ ಗೊತ್ತಿಲ್ಲ."

ಅವರು ಮರಳಿನ ಮೇಲೆ ಅತ್ತಿತ್ತ ನಡೆದರು. ಶಾಮಿಯಾನದಲ್ಲಿ ಜನ ಕುರ್ಚಿ ಎಳೆದಾಡುತ್ತಿದ್ದರು. ಅಣ್ಣ ಕೈಗಡಿಯಾರ ನೋಡಿಕೊಂಡರು. ಹಾರಿಸು ಎಂದು ಯಜಮಾನರು ಹೇಳಿಬಿಡುತ್ತಾರೆ, ಸಿದ್ದರಾಜು ಪೆಟ್ಟಿಗೆ ಕೆಳಗಿಟ್ಟು ಹೊರಟುಬಿಡುತ್ತಾರೆ ಎಂದು ನಾನು ಎಣಿಸಿದ್ದೆ. ಗುರುಮಲ್ಲಪ್ಪ ನೆಟ್ಟಗೆ ಮೈಕಿನ ಬಳಿಗೆ ಹೋದರು.

"ಎಲ್ಲರೂ ದಯಮಾಡಿ ಕ್ಷಮಿಸಬೇಕು. ಇವತ್ತು ವಿಮಾನ ಹಾರಲ್ಲ. ಅದ್ರಲ್ಲಿ ಒಂದು ದೋಷ ಅದೆ, ಏನು ಅಂತ ನಮಗೆ ಪೂರ್ತಿ ಗೊತ್ತಿಲ್ಲ. ಎಂಜಿನ್ ಸದ್ದು ಕೇಳುಸ್ತೀವಿ, ಕಾಫಿ ಕುಡ್ಕೊಂಡು ಹೋಗಿ."

ವಿಮಾನವನ್ನು ಗೂಟಕ್ಕೆ ಕಟ್ಟಿ ಎಂಜಿನ್ ಓಡಿಸಿದೆವು. ಮರಳು ಎದ್ದು ಹಿಂದಿನವರ ಕಣ್ಣಿಗೆಲ್ಲ ಬಿತ್ತು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ನಕ್ಕರು. ಅಣ್ಣ ಎದ್ದು ಬಂದು, "ಸದ್ದೇನೋ ಜೋರಾಗದೆ" ಎಂದು ಹೇಳಿ ಹೊರಟುಹೋದರು. ಸತೀಶ್ ಕೈ ಕುಲುಕಿ, ಬೆಂಗಳೂರಿಗೆ ಹೋಗಿ ಫೋನ್ ಮಾಡುತ್ತೇನೆ ಎಂದರು. ಆ ಆರ್ಡರು ಬೇರೆಯವರಿಗೆ ಹೋಯಿತು.

ಜನ ಕರಗಿದ ಮೇಲೆ ಮೂವರೂ ರೆಕ್ಕೆ ಬಿಚ್ಚಲು ಕೂತೆವು. ಗುರುಮಲ್ಲಪ್ಪ ಒಂದು ಸ್ಕ್ರೂ ಬಿಚ್ಚಿ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಸಿದ್ದರಾಜು, ನಿಜ ಹೇಳು. ಹಾರ್ಸಿದ್ರೆ ಏನಾಗ್ತಿತ್ತು?"

ಸಿದ್ದರಾಜು ನದಿಯ ಕಡೆ ನೋಡಿದರು. "ಏನೂ ಆಗ್ತಿರ್ಲಿಲ್ವೇನೋ ಸಾ."

"ಏನೂ ಆಗ್ತಿರ್ಲಿಲ್ವಾ?"

"ಗೊತ್ತಿಲ್ಲ ಸಾ. ಗೊತ್ತಿಲ್ಲ ಅಂತ್ಲೇ ಆರ್ಸ್ನಿಲ್ಲ."

ಯಜಮಾನರು ಸ್ಕ್ರೂವನ್ನು ಜೇಬಿಗೆ ಹಾಕಿಕೊಂಡು ಎದ್ದು, ಕುರ್ಚಿಗಳನ್ನು ತೆಗೆಯಬಹುದು ಎಂದು ಶಾಮಿಯಾನದವನಿಗೆ ಕೂಗಿ ಹೇಳಿದರು.